ಹೂ ಕೀಳದೆ ಹೂ ಕಲಿಸುವುದು: ಮಲೆನಾಡಿನ ಕಾಡುಹೂಗಳನ್ನು ಮಕ್ಕಳಿಂದ ಕಾಗದದಲ್ಲಿ ಮಾಡಿಸುವ ಬಗೆ

ಮಳೆ ಹಿಡಿಯುವ ಹೊತ್ತಿಗೆ ಒಂದೇ ಪ್ರಶ್ನೆ ಬೇರೆ ಬೇರೆಯವರ ಬಾಯಲ್ಲಿ ನನ್ನ ಹತ್ತಿರ ಬರುತ್ತದೆ. "ಮಕ್ಕಳಿಗೆ ನಮ್ಮ ಕಾಡುಹೂಗಳ ಬಗ್ಗೆ ಏನಾದ್ರೂ ಮಾಡಿಸ್ಬೇಕಿತ್ತು. ಕಾಗದದಲ್ಲಿ ಹೇಗೆ ಮಾಡ್ಸೋದು?" ಕೇಳುವವರಲ್ಲಿ ಶಾಲೆಯ ಟೀಚರ್‌ಗಳಿದ್ದಾರೆ, ಶಿಬಿರ ನಡೆಸುವವರಿದ್ದಾರೆ, ರಜೆಗೆ ಬಂದ ಮೊಮ್ಮಕ್ಕಳ ಕೈಯಿಂದ ಮೊಬೈಲ್ ಬಿಡಿಸಲು ದಾರಿ ಹುಡುಕುವ ಅಜ್ಜಿಯರೂ ಇದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವಾಗ ಏನಾದರೊಂದು ಬಿಟ್ಟುಹೋಗುತ್ತದೆ. ಅದಕ್ಕೇ ಒಮ್ಮೆ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಇದು ಅಲಂಕಾರದ ಹೂ ಮಾಡುವ ಪಾಠ ಅಲ್ಲ. ಕಾಗದದ ಗುಲಾಬಿ ಮಾಡುವ ವಿಡಿಯೊಗಳು ಬೇಕಾದಷ್ಟಿವೆ, ಅದು ಬೇಕಿದ್ದರೆ ಅಲ್ಲಿ ನೋಡಿಕೊಳ್ಳಿ. ನಮ್ಮ ಕೆಲಸದಲ್ಲಿ ಕಾಗದ ಬರೀ ನೆಪ. ಗೌರಿ ಹೂವನ್ನು ಕಾಗದದಲ್ಲಿ ಮಾಡಬೇಕಾದರೆ ಎಸಳು ಎಷ್ಟು ಅಂತ ಎಣಿಸಬೇಕು, ಎಷ್ಟು ಉದ್ದ ಅಂತ ಅಳೆಯಬೇಕು, ಹೂ ಮೇಲೆ ನೋಡುತ್ತದೋ ಕೆಳಗೋ ಅಂತ ಗಮನಿಸಬೇಕು. "ಹೂ ಕೀಳಬೇಡ್ರೋ" ಅಂತ ಸುಮ್ನೆ ಹೇಳಿದರೆ ಮಕ್ಕಳು ಕೇಳುವುದಿಲ್ಲ, ನಾವೂ ಆ ವಯಸ್ಸಿನಲ್ಲಿ ಕೇಳಿದವರಲ್ಲ. ಎಸಳನ್ನು ಎರಡು ಸಲ ತಪ್ಪಾಗಿ ಕತ್ತರಿಸಿ, ಮೂರನೇ ಸಲ ಗಿಡದ ಹತ್ತಿರ ಹೋಗಿ ನೋಡಿ ಬಂದ ಮಗು ಮಾತ್ರ ಆ ಗಿಡವನ್ನು ತನ್ನದು ಅಂದುಕೊಳ್ಳಲು ಶುರುಮಾಡುತ್ತದೆ.

ಏಳರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇದು ಸರಿಹೋಗುತ್ತದೆ. ಎಂಟು ಹತ್ತು ಮಕ್ಕಳಿಗೆ ಒಬ್ಬರಾದರೂ ದೊಡ್ಡವರಿರಲಿ. ಎರಡು ದಿನ ಇಟ್ಟುಕೊಳ್ಳಿ, ದಿನಕ್ಕೆ ಎರಡು ಗಂಟೆ ಸಾಕು. ಒಂದೇ ದಿನದಲ್ಲಿ ಮುಗಿಸುತ್ತೇನೆ ಅಂತ ಹೊರಟರೆ ಮಲೆನಾಡಿನ ಮಳೆಗಾಲದಲ್ಲಿ ಅಂಟು ಒಣಗುವುದೇ ಇಲ್ಲ.

ಏನೇನು ಬೇಕು

ಅಂಗಡಿಗೆ ಹೋಗುವ ಮೊದಲು ಮನೆಯ ಅಟ್ಟ ನೋಡಿ. ಹಳೇ ಕ್ಯಾಲೆಂಡರ್ ಹಾಳೆ, ಮದುವೆ ಕರೆಯೋಲೆ, ಸ್ವೀಟ್ ಬಾಕ್ಸಿನ ರಟ್ಟು, ದಿನಪತ್ರಿಕೆ. ಕರೆಯೋಲೆಯ ಕಾಗದ ದಪ್ಪ ಇರುತ್ತದೆ, ಬಣ್ಣವೂ ಇರುತ್ತದೆ, ಎಸಳಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ದಂಟಿಗೆ ತೆಂಗಿನ ಗರಿಯ ಕಡ್ಡಿ, ಕಟ್ಟಲು ಬಾಳೆನಾರು. ತುದಿ ಮೊಂಡಾದ ಕತ್ತರಿ, ಪೆನ್ಸಿಲ್, ಸ್ಕೇಲು, ಕಾಗದಕ್ಕೆ ತೂತು ಹೊಡೆಯುವ ಪಂಚಿಂಗ್ ಮಶೀನು. ಬಣ್ಣಕ್ಕೆ ಅರಿಶಿನ ಮತ್ತು ಬಟ್ಟೆ ಸೋಪು. ಸೋಪು ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಂಟನ್ನು ಮೈದಾ ಹಿಟ್ಟಿನಲ್ಲಿ ನೀವೇ ಕಾಯಿಸಿಕೊಳ್ಳಿ. ಎರಡು ಚಮಚ ಮೈದಾಕ್ಕೆ ಒಂದು ಲೋಟ ನೀರು, ಗಂಟಾಗದ ಹಾಗೆ ಕದಡಿ ಸಣ್ಣ ಉರಿಯಲ್ಲಿಟ್ಟು, ಗಂಜಿಯ ಹದ ಬಂದ ಕೂಡಲೇ ಇಳಿಸಿ. ಇಲ್ಲೊಂದು ಎಚ್ಚರಿಕೆ ಇದೆ. ಪುಸ್ತಕ ಬೈಂಡಿಂಗ್ ಮಾಡುವವರು ಅಂಟಿಗೆ ಹುಳ ಬೀಳಬಾರದು ಅಂತ ಮೈಲುತುತ್ತ ಸೇರಿಸುತ್ತಿದ್ದರು. ಅಡಿಕೆ ತೋಟ ಇರುವ ಮನೆಯಲ್ಲಿ ಔಷಧಿ ಹೊಡೆಯಲು ತಂದ ಮೈಲುತುತ್ತ ಇದ್ದೇ ಇರುತ್ತದೆ, ಅಜ್ಜ "ಒಂಚೂರು ಹಾಕು" ಅಂತ ಹೇಳಿಯೂ ಹೇಳುತ್ತಾರೆ. ಬೇಡ. ಅದು ವಿಷ, ಮಕ್ಕಳ ಕೈ ಬಾಯಿಗೆ ಹೋಗುವುದು ತಡವಿಲ್ಲ. ಆಯಾ ದಿನಕ್ಕೆ ಬೇಕಾದಷ್ಟೇ ಅಂಟು ಕಾಯಿಸಿ, ಉಳಿದರೆ ಚೆಲ್ಲಿ.

ಹೊಸ ಕ್ರೇಪ್ ಕಾಗದ ತರಬೇಡಿ. ಮೊದಲ ವರ್ಷ ನಾನು ತಂದಿದ್ದೆ. ಪುಷ್ಯ ಮಳೆಯ ಥಂಡಿಗೆ ಕಾಗದ ಮೆತ್ತಗಾಗಿ, ಗುಲಾಬಿ ಬಣ್ಣ ಮಕ್ಕಳ ಯೂನಿಫಾರ್ಮಿಗೆಲ್ಲ ಹತ್ತಿ, ತಾಯಂದಿರ ಹತ್ತಿರ ಬೈಸಿಕೊಂಡೆ.

ಹಳೇ ಕಾಗದವನ್ನೇ ಬಳಸಿ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಕಾಗದ ಎಲ್ಲಿಂದ ಬರುತ್ತದೆ ಅನ್ನುವ ಕಥೆ ನಮ್ಮ ಜಿಲ್ಲೆಯ ಮಕ್ಕಳಿಗೆ ಗೊತ್ತಿರಬೇಕು. ಭದ್ರಾವತಿಯಲ್ಲಿ 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಶುರುವಾಯಿತು. ನಾವೆಲ್ಲ ಎಂಪಿಎಂ ಅನ್ನುವುದು ಅದನ್ನೇ. ಕಾಗದಕ್ಕೆ ಮೊದಲು ಬಿದಿರು ಹೋಯಿತು, ಆಮೇಲೆ ನೀಲಗಿರಿ, ಅಕೇಶಿಯಾ. ಆ ಮರ ಬೆಳೆಸಲು ಮಲೆನಾಡಿನ ಎಷ್ಟೋ ಗುಡ್ಡಗಳಲ್ಲಿ ನೆಡುತೋಪು ಎದ್ದವು. ಕಾರ್ಖಾನೆಯ ಯಂತ್ರ ನಿಂತು ವರ್ಷಗಳಾದವು, ತೋಪುಗಳು ಇನ್ನೂ ಇವೆ. ಅಕೇಶಿಯಾದ ಕೆಳಗೆ ಒಮ್ಮೆ ಮಕ್ಕಳನ್ನು ನಿಲ್ಲಿಸಿ ನೋಡಿ. ಕಾಲಿಟ್ಟಲ್ಲೆಲ್ಲ ಒಣಗಿದ ದರಗು. ಪಕ್ಕದ ಬ್ಯಾಣದಲ್ಲಿ, ಅಂದರೆ ದನ ಮೇಯುವ ಹುಲ್ಲುಗುಡ್ಡದಲ್ಲಿ, ಮಳೆಗಾಲಕ್ಕೆ ಇಪ್ಪತ್ತು ಬಗೆಯ ಹೂ ಎಣಿಸಬಹುದಾದರೆ ಇಲ್ಲಿ ಎರಡು ಮೂರು ಸಿಕ್ಕರೆ ಹೆಚ್ಚು. ಹೂ ಉಳಿಸುವ ಪಾಠಕ್ಕೆ ಹೊಸ ಕಾಗದದ ಕಟ್ಟು ಒಡೆಯುವುದು ಹೇಗೆ ಹೇಳಿ?

1. ಹೂ ಆರಿಸುವುದು

ಜಾಸ್ತಿ ಜನ ಎಡವುವುದು ಇಲ್ಲೇ. ರಸ್ತೆ ಬದಿಯಲ್ಲಿ ತಾನಾಗಿ ಬೆಳೆದದ್ದೆಲ್ಲ ನಮ್ಮ ಕಾಡುಹೂ ಅಂದುಕೊಳ್ಳುತ್ತಾರೆ. ಮುಟ್ಟಿದರೆ ಮುನಿ, ಲಂಟಾನ, ಕಾಂಗ್ರೆಸ್ ಹುಲ್ಲು, ಕಮ್ಯುನಿಸ್ಟ್ ಗಿಡ, ಇವೆಲ್ಲ ಅಮೆರಿಕ ಖಂಡಗಳ ಕಡೆಯಿಂದ ಬಂದವು. ಬೇಲಿಯಲ್ಲಿ ಕಿತ್ತಳೆ ಬಣ್ಣಕ್ಕೆ ಅರಳುವ ಕಾಸ್ಮಾಸ್ ಕೂಡ ಹೊರಗಿನದೇ. ಹಬ್ಬಕ್ಕೆ ಮಾಲೆ ಕಟ್ಟುವ ಚೆಂಡುಹೂ ಕೂಡ ಮೆಕ್ಸಿಕೊದ್ದು. ಹೊರಗಿನದೆಲ್ಲ ಕೆಟ್ಟದ್ದು ಅಂತ ಮಕ್ಕಳಿಗೆ ಹೇಳಬೇಡಿ, ಮೆಣಸಿನಕಾಯಿಯೂ ಹೊರಗಿನದೇ ಅಲ್ವಾ. ಜಾಗ ಆಕ್ರಮಿಸಿ ಉಳಿದವನ್ನು ಬೆಳೆಯಗೊಡದೆ ಹಬ್ಬುವುದಕ್ಕೆ ಆಕ್ರಮಣಕಾರಿ ಸಸ್ಯ ಅನ್ನುತ್ತಾರೆ. ಲಂಟಾನ ಆ ಗುಂಪಿನದು, ಚೆಂಡುಹೂ ಅಲ್ಲ. ಇಷ್ಟು ವ್ಯತ್ಯಾಸ ಗೊತ್ತಾದರೆ ಸಾಕು.

ನಾನು ಮಾಡಿಸುವುದು ಸಾಮಾನ್ಯವಾಗಿ ನಾಲ್ಕು.

ಬೆಳ್ಳೊಟ್ಟೆ ಚಿಕ್ಕ ಮಕ್ಕಳಿಗೆ. ಪೊದೆಯಲ್ಲಿ ಬಿಳಿ ಎಲೆ ಒಂದೊಂದು ಎದ್ದು ಕಾಣುತ್ತದಲ್ಲ, ಅದೇ. ನಿಜವಾದ ಹೂ ಅದರ ಪಕ್ಕದಲ್ಲಿರುವ ಕಿತ್ತಳೆ ಬಣ್ಣದ ಪುಟ್ಟ ನಕ್ಷತ್ರ. ಬಿಳಿಯದು ಮೊಗ್ಗಿನ ಹೊರಹೊದಿಕೆಯ ಒಂದು ಎಸಳು. ದೊಡ್ಡದಾಗಿ ಬೆಳೆದು ಚಿಟ್ಟೆಗಳಿಗೆ ಬಾವುಟದ ಹಾಗೆ ಕಾಣುತ್ತದೆ.

ಗೌರಿ ಹೂ ಎಲ್ಲರಿಗೂ. ಅಗ್ನಿಶಿಖೆ ಅನ್ನುವುದೂ ಇದನ್ನೇ. ಕೆಲವು ಊರುಗಳಲ್ಲಿ ಕರ್ಣಕುಂಡಲಕ್ಕೂ ಗೌರಿ ಹೂ ಅನ್ನುತ್ತಾರೆ, ಹಾಗಾಗಿ ಯಾವುದು ಅಂತ ಮೊದಲೇ ಚಿತ್ರ ತೋರಿಸಿ ಗಟ್ಟಿಮಾಡಿಕೊಳ್ಳಿ.

ಕರ್ಣಕುಂಡಲ ಆಟ ಇಷ್ಟಪಡುವ ಮಕ್ಕಳಿಗೆ. ಕಾಯಿ ಮುಟ್ಟಿದರೆ ಸಿಡಿಯುತ್ತದೆ. ದರೆಯ ಮೇಲೆ, ಅಂದರೆ ಕಡಿದಾದ ಮಣ್ಣಿನ ಗೋಡೆಯ ಮೇಲೆ, ಬಂಡೆಯ ಮೇಲೆ ಮಳೆಗಾಲದಲ್ಲಿ ಕಾಣುವ ಇದರ ದಾಯಾದಿಗಳಲ್ಲಿ ಎಷ್ಟೋ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ.

ಸೀತಾಳೆ ದಂಡೆ ಇಡೀ ತರಗತಿ ಸೇರಿ ಮಾಡಲು. ಮರದ ಕೊಂಬೆಯಿಂದ ನರಿಬಾಲದ ಹಾಗೆ ಇಳಿಬೀಳುವ ಆರ್ಕಿಡ್. ಇದು ಅರಳುವುದು ಮಳೆ ಶುರುವಾಗುವ ಸಮಯದಲ್ಲಿ, ರೋಹಿಣಿ ಮೃಗಶಿರ ಮಳೆ ನಕ್ಷತ್ರಗಳ ಹೊತ್ತಿಗೆ, ಅಂದರೆ ಮೇ ಕೊನೆಯಿಂದ ಜೂನ್ ಮೂರನೇ ವಾರದವರೆಗೆ. ಶಾಲೆ ಬಾಗಿಲು ತೆಗೆದ ಕೂಡಲೇ ನೋಡಲು ಹೋಗಬೇಕು, ಇಲ್ಲದಿದ್ದರೆ ಮುಗಿದಿರುತ್ತದೆ.

2. ಹೋಗಿ ನೋಡುವುದು

ಇದಕ್ಕೆ ಕಾಡಿಗೆ ಹೋಗಬೇಕಿಲ್ಲ. ಶಾಲೆಯ ಹಿಂದಿನ ದರೆ, ಗದ್ದೆಯ ಬದು, ತೋಟದ ಅಗಳ, ದೇವಸ್ಥಾನದ ದಾರಿ ಸಾಕು. ಶರಾವತಿ ಕಣಿವೆ, ಕುದುರೆಮುಖದಂಥ ಸಂರಕ್ಷಿತ ಜಾಗಗಳಿಗೆ ಹೋಗುವುದಿದ್ದರೆ ಅರಣ್ಯ ಇಲಾಖೆಯ ಅನುಮತಿ ಕೇಳಿಯೇ ಹೋಗಿ. ಅಲ್ಲಿಂದ ಗಿಡ ಕಿತ್ತು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ.

ಮಕ್ಕಳ ಕೈಗೆ ಪೆನ್ಸಿಲ್, ರಟ್ಟಿಗೆ ಕ್ಲಿಪ್ ಹಾಕಿದ ಹಾಳೆ, ಸಣ್ಣ ಸ್ಕೇಲು ಕೊಡಿ. ಕೇಳಬೇಕಾದ ಪ್ರಶ್ನೆ ಐದೇ: ಎಸಳು ಎಷ್ಟು? ಉದ್ದ ಎಷ್ಟು? ಯಾವ ಕಡೆ ಮುಖ? ಎಲೆಯ ತುದಿ ಹೇಗಿದೆ? ಯಾರು ಬಂದರು, ಅಂದರೆ ಇರುವೆಯೋ ಚಿಟ್ಟೆಯೋ ಜೇನೋ? ಕೊನೆಯ ಪ್ರಶ್ನೆಗೆ ಉತ್ತರ ಬೇಕಾದರೆ ಹತ್ತು ನಿಮಿಷ ಅಲ್ಲಾಡದೆ ನಿಲ್ಲಬೇಕು. ಮೂರನೇ ಕ್ಲಾಸಿನ ಮಕ್ಕಳು ಹತ್ತು ನಿಮಿಷ ಸುಮ್ಮನೆ ನಿಲ್ಲುವುದನ್ನು ನೋಡಬೇಕಾದರೆ ಇದೊಂದೇ ದಾರಿ.

ಎಚ್ಚರಿಕೆಗಳು. ಗೌರಿ ಹೂವಿನ ಗಿಡ ಬೇರಿನಿಂದ ಬೀಜದವರೆಗೆ ವಿಷ, ಗಡ್ಡೆ ಎಲ್ಲಕ್ಕಿಂತ ಜಾಸ್ತಿ. ಅದರಲ್ಲಿರುವ ಕಾಲ್ಚಿಸಿನ್ ಅನ್ನುವ ಅಂಶ ಜೀವವನ್ನೇ ತೆಗೆಯಬಲ್ಲದು. ನೋಡಿ, ಅಳೆಯಿರಿ, ಆದರೆ ಕೀಳುವುದಾಗಲಿ ತರಗತಿಗೆ ತರುವುದಾಗಲಿ ಬೇಡ. ಅಳೆಯುವಾಗ ಮುಟ್ಟಿದ್ದರೆ ಕೈ ತೊಳೆಸಿ. ಉಂಬಳ, ಅಂದರೆ ರಕ್ತ ಹೀರುವ ಜಿಗಣೆ, ಹತ್ತಿದರೆ ಎಳೆಯಬೇಡಿ, ಉಪ್ಪು ಮುಟ್ಟಿಸಿದರೆ ತಾನೇ ಬಿಡುತ್ತದೆ. ಒಂದು ಸಣ್ಣ ಡಬ್ಬಿಯಲ್ಲಿ ಉಪ್ಪು ಜೇಬಿನಲ್ಲೇ ಇರಲಿ. ಹುಲ್ಲಿನಲ್ಲಿ ಕಾಲಿಡುವ ಮೊದಲು ದೊಡ್ಡವರು ಕೋಲಿನಿಂದ ಬಡಿದು ನೋಡಲಿ, ಹಾವಿಗೂ ಅದು ಮನೆಯೇ.

ಇನ್ನೊಂದು ಹೊಸ ಕಾಲದ ಎಚ್ಚರಿಕೆ. ಸೀತಾಳೆ ದಂಡೆ ಕಂಡರೆ ಫೋಟೊ ತೆಗೆಯಿರಿ, ಆದರೆ ಯಾವ ಊರು, ಯಾವ ಮರ ಅಂತ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಮುಂದಿನ ಭಾನುವಾರ ಏಣಿ ಸಮೇತ ಯಾರಾದರೂ ಬರುತ್ತಾರೆ.

3. ಮಾಡುವುದು

ಮೊದಲ ನಿಯಮ: ಹೂ ಇದ್ದಷ್ಟೇ ದೊಡ್ಡದಾಗಿ ಮಾಡಬೇಕು. ದೊಡ್ಡದು ಮಾಡಿದರೆ ಚೆಂದ ಕಾಣುತ್ತದೆ ಅಂತ ಮಕ್ಕಳಿಗೆ ಆಸೆ. ಬಿಡಬೇಡಿ. ಅಳತೆ ತಪ್ಪಿದರೆ ನೋಡಿದ್ದು ವ್ಯರ್ಥ.

ಬೆಳ್ಳೊಟ್ಟೆ ಅರ್ಧ ಗಂಟೆಯ ಕೆಲಸ. ಕ್ಯಾಲೆಂಡರಿನ ಬಿಳಿ ಬೆನ್ನಿನಿಂದ ಎಲೆ ಆಕಾರ, ಕರೆಯೋಲೆಯ ಕಿತ್ತಳೆ ಕಾಗದದಿಂದ ಐದು ಮೂಲೆಯ ನಕ್ಷತ್ರ, ಕೆಳಗೊಂದು ಸಣ್ಣ ಕೊಳವೆ ಸುತ್ತಿ ಅಂಟಿಸಿದರೆ ಆಯಿತು. ಒಂದು ಹೂವಿಗೆ ಒಂದೇ ಬಿಳಿ ಎಲೆ. ಮಕ್ಕಳು ಸುತ್ತಲೂ ಐದು ಬಿಳಿ ಎಲೆ ಅಂಟಿಸಿಬಿಡುತ್ತಾರೆ, ಅದನ್ನೊಂದು ನೋಡಿಕೊಳ್ಳಿ.

ಗೌರಿ ಹೂವಿಗೆ ಸ್ವಲ್ಪ ತಾಳ್ಮೆ ಬೇಕು. ಇಲ್ಲಿ ನಿಧಾನವಾಗಿ ಹೋಗೋಣ.

ಒಂದು ಲೋಟ ಬಿಸಿನೀರಿಗೆ ಎರಡು ಚಮಚ ಅರಿಶಿನ ಹಾಕಿ ಕದಡಿ, ಬಟ್ಟೆಯಲ್ಲಿ ಸೋಸಿ. ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಬಳಿದು ಒಣಗಿಸಿ. ಹಳದಿ ಕಾಗದ ತಯಾರು. ಒಣಗಿದ ಮೇಲೆ ಏಳು ಸೆಂಟಿಮೀಟರ್ ಉದ್ದ, ಒಂದೂವರೆ ಸೆಂಟಿಮೀಟರ್ ಅಗಲದ ಆರು ಪಟ್ಟಿ ಕತ್ತರಿಸಿ. ಎರಡೂ ತುದಿ ಚೂಪು ಮಾಡಿ. ಎಸಳಿನ ಅಂಚು ಅಲೆಅಲೆಯಾಗಿರುತ್ತದೆ, ನೆನಪಿದೆಯಾ? ಪಟ್ಟಿಯ ಅಂಚನ್ನು ಉಗುರಿನಿಂದ ಒತ್ತೊತ್ತಾಗಿ ಮಡಿಸಿ ಬಿಡಿಸಿದರೆ ಅಲೆ ಬರುತ್ತದೆ.

ಈಗ ಸೋಪು. ಬಟ್ಟೆ ಸೋಪನ್ನು ನಾಲ್ಕು ಚಮಚ ನೀರಿನಲ್ಲಿ ಉಜ್ಜಿ. ಆ ನೀರಿನಲ್ಲಿ ಬ್ರಷ್ ಅದ್ದಿ ಎಸಳಿನ ತುದಿಗೆ ಮುಟ್ಟಿಸಿ. ಕಣ್ಣೆದುರೇ ಕೆಂಪಾಗುತ್ತದೆ! ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದು, ಆರತಿ ತಟ್ಟೆಯ ಓಕುಳಿ ನೀರು, ಮನೆಯಲ್ಲಿ ಎಲ್ಲರೂ ನೋಡಿದ್ದೇ. ಸೋಪಿನಲ್ಲೂ ಸುಣ್ಣದ ಹಾಗೆ ಕ್ಷಾರ ಇದೆ, ಅದಕ್ಕೇ ಬಣ್ಣ ತಿರುಗುತ್ತದೆ. ಸುಣ್ಣವನ್ನೇ ಯಾಕೆ ಬಳಸಬಾರದು ಅಂತ ಕೇಳಿದರೆ, ಮಕ್ಕಳು ಅದೇ ಕೈಯಲ್ಲಿ ಕಣ್ಣುಜ್ಜಿಕೊಳ್ಳುತ್ತಾರೆ. ಸೋಪು ಉರಿಯುತ್ತದೆ, ಸುಣ್ಣ ಕಣ್ಣು ಸುಡುತ್ತದೆ.

ಕೆಂಪು ಎಷ್ಟು ದೂರ ಬರಬೇಕು? ಇದನ್ನು ಮಕ್ಕಳೇ ಹೇಳಲಿ. ಗೌರಿ ಹೂ ಅರಳುವಾಗ ಹಸಿರು ಮಿಶ್ರಿತ ಹಳದಿ. ದಿನ ಕಳೆದಂತೆ ತುದಿಯಿಂದ ಕೆಂಪು ಇಳಿಯುತ್ತ ಬಂದು, ಬುಡದಲ್ಲಿ ಮಾತ್ರ ಹಳದಿ ಉಳಿದು, ಕೊನೆಗೆ ಪೂರ್ತಿ ಕೆಂಪಾಗುತ್ತದೆ. ಹಾಗಾಗಿ ತುದಿ ಮಾತ್ರ ಕೆಂಪಾದದ್ದು ಹೊಸ ಹೂ, ಪೂರ್ತಿ ಕೆಂಪಾದದ್ದು ಹಳೇ ಹೂ. ಐದು ಮಕ್ಕಳಿಗೆ ಐದು ವಯಸ್ಸಿನ ಹೂ ಹಂಚಿ. ಸಾಲಾಗಿ ಇಟ್ಟರೆ ಒಂದೇ ಹೂವಿನ ಆಯುಸ್ಸು ಮೇಜಿನ ಮೇಲೆ ಕಾಣುತ್ತದೆ. ಬಣ್ಣದ ಪೆಟ್ಟಿಗೆಯಿಂದ ಕೆಂಪು ಬಳಿದಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಒಣಗಿದಾಗ ಕೆಂಪು ಸ್ವಲ್ಪ ಮಂಕಾಗುತ್ತದೆ, ಇನ್ನೊಂದು ಸಲ ಬಳಿಯಿರಿ.

ಜೋಡಿಸುವಾಗ ಹತ್ತಕ್ಕೆ ಒಂಬತ್ತು ಮಕ್ಕಳು ತಪ್ಪುತ್ತಾರೆ. ಹೂ ಅಂದರೆ ಮೇಲೆ ನೋಡುವುದು ಅಂತ ಕೈಗೆ ಅಭ್ಯಾಸ. ಗೌರಿ ಹೂ ತಲೆಕೆಳಗಾಗಿ ನೇತಾಡುತ್ತದೆ, ಎಸಳುಗಳು ಮಾತ್ರ ಹಿಂದಕ್ಕೆ ಮಡಚಿ ಬೆಂಕಿಯ ನಾಲಿಗೆಯಂತೆ ಮೇಲೆ ನಿಲ್ಲುತ್ತವೆ. ತೆಂಗಿನ ಕಡ್ಡಿಯ ತುದಿ ಬಗ್ಗಿಸಿ ಕೆಳಮುಖ ಮಾಡಿ, ಆರೂ ಎಸಳನ್ನು ಬುಡದಲ್ಲಿ ಅಂಟಿಸಿ ಮೇಲಕ್ಕೆ ತಿರುಗಿಸಿ. ಬುಡದ ಸುತ್ತ ಆರು ತೆಳು ಪಟ್ಟಿಗಳು ಕೊಡೆಯ ಕಡ್ಡಿಯಂತೆ ಹರಡಲಿ, ತುದಿಗೆ ಅಕ್ಕಿಕಾಳಿನಷ್ಟು ಸುತ್ತಿದ ಕಾಗದ. ಇವು ಕೇಸರಗಳು, ಹೂಪುಡಿ ಇರುವ ಗಂಡು ಭಾಗ. ಮಧ್ಯದಿಂದ ಇನ್ನೊಂದು ಪಟ್ಟಿ ಹೊರಟು ಥಟ್ಟನೆ ಪಕ್ಕಕ್ಕೆ ಬಾಗಿ, ತುದಿಯಲ್ಲಿ ಮೂರಾಗಿ ಸೀಳಿರಬೇಕು. ಅದು ಹೆಣ್ಣು ಭಾಗದ ಕಡ್ಡಿ, ಶಲಾಕೆ. ಪಕ್ಕಕ್ಕೆ ಯಾಕೆ ಬಾಗಿದೆ ಅಂತ ಕೇಳಿ, ಉತ್ತರ ಬರುವವರೆಗೆ ಕಾಯಿರಿ. ತನ್ನದೇ ಹೂಪುಡಿ ತನಗೆ ತಾಗದಿರಲಿ, ಬೇರೆ ಗಿಡದ್ದನ್ನು ಚಿಟ್ಟೆ ತರಲಿ ಅಂತ. ಪರಾಗಸ್ಪರ್ಶ ಅನ್ನುವ ಪದವನ್ನು ಆಗ ಹೇಳಿ, ಮೊದಲೇ ಹೇಳಬೇಡಿ. ಎಲೆಯ ತುದಿಯನ್ನು ಪೆನ್ಸಿಲಿಗೆ ಸುತ್ತಿ ಸುರುಳಿ ಮಾಡಿ. ಈ ಬಳ್ಳಿ ಹಬ್ಬುವುದು ಆ ತುದಿಯಿಂದಲೇ.

ಕರ್ಣಕುಂಡಲದ ಹೂವಿಗಿಂತ ಕಾಯಿ ಮಾಡಿಸಿ. ಕರೆಯೋಲೆಯ ಕಾಗದದಿಂದ ಐದು ಸಣ್ಣ ಪಟ್ಟಿ ಕತ್ತರಿಸಿ, ಪೆನ್ಸಿಲಿಗೆ ಬಿಗಿಯಾಗಿ ಸುತ್ತಿ ಒಂದು ಗಂಟೆ ಬಿಡಿ. ಬಿಡಿಸಿ ನೆಟ್ಟಗೆ ಮಾಡಿ, ಬುಡಗಳನ್ನು ಕಡ್ಡಿಗೆ ಕಟ್ಟಿ, ಒಳಗೆ ನಾಲ್ಕು ಸಾಸಿವೆ ಇಟ್ಟು ತುದಿಗಳನ್ನು ಬೆರಳಲ್ಲಿ ಹಿಡಿಯಿರಿ. ಬಿಟ್ಟರೆ ಐದೂ ಸುರುಳಿ ಒಟ್ಟಿಗೆ ತೆರೆದು ಸಾಸಿವೆ ಹಾರುತ್ತದೆ. ನಿಜವಾದ ಕಾಯಿಯಲ್ಲೂ ಐದೇ ಹೋಳು, ಹೀಗೇ ಸುರುಳಿ ಸುತ್ತಿ ಸಿಡಿಯುತ್ತವೆ. ಯಾರ ಸಾಸಿವೆ ಎಷ್ಟು ದೂರ ಹೋಯಿತು ಅಂತ ಸ್ಕೇಲಿನಲ್ಲಿ ಅಳೆಯಿರಿ. ಬೀಜ ಅಮ್ಮನ ಬುಡದಿಂದ ಇಷ್ಟೇ ದೂರ ಹೋಗುವುದು. ಹಾಗಾದರೆ ಆ ದರೆಯನ್ನೇ ಜೆಸಿಬಿ ಕೆರೆದರೆ? ಇದನ್ನು ನೀವು ಕೇಳಬೇಕಿಲ್ಲ, ಯಾರಾದರೊಬ್ಬ ಹುಡುಗ ಕೇಳುತ್ತಾನೆ. ಆಟ ಮುಗಿದ ಮೇಲೆ ಕಸಪೊರಕೆ ಮಕ್ಕಳ ಕೈಗೇ ಕೊಡಿ.

ಸೀತಾಳೆ ದಂಡೆಯನ್ನು ಒಬ್ಬರೇ ಮಾಡಲು ಹೋಗಬೇಡಿ. ಒಂದೊಂದು ಹೂ ಎರಡು ಸೆಂಟಿಮೀಟರ್ ಇದ್ದೀತು. ಬಿಳಿಯ ಐದು ಎಸಳಿನ ಮೇಲೆ ನೇರಳೆ ಗುಲಾಬಿ ಚುಕ್ಕೆ, ಮಧ್ಯದಲ್ಲಿ ಗಾಢ ಬಣ್ಣದ ಇನ್ನೊಂದು ಎಸಳು. ಅದಕ್ಕೆ ತುಟಿ ಎಸಳು ಅನ್ನುತ್ತಾರೆ, ಹುಳ ಬಂದು ಕೂರುವ ಜಗಲಿ ಅದು. ದಂಡೆಯೊಂದರಲ್ಲಿ ಇಂಥ ಹೂ ನೂರಕ್ಕೂ ಮೀರಿ ಇರಬಹುದು. ಮೂವತ್ತು ಮಕ್ಕಳಿದ್ದರೆ ತಲೆಗೆ ನಾಲ್ಕು. ಕತ್ತರಿಸಿ, ಚುಕ್ಕೆ ಇಟ್ಟು, ಬಾಳೆನಾರಿಗೆ ಸುತ್ತಲೂ ಒತ್ತೊತ್ತಾಗಿ ಕಟ್ಟುವುದರಲ್ಲಿ ಒಂದೂವರೆ ಗಂಟೆ ಹೋಗುತ್ತದೆ. ಮುಗಿದ ಮೇಲೆ ಅದನ್ನು ಮನೆಗೆ ಒಯ್ಯುವವರು ಯಾರು ಅಂತ ಜಗಳ ಬರುತ್ತದೆ. ಬರಲಿ. ನೂರಿಪ್ಪತ್ತು ಹೂವಿನಲ್ಲಿ ತನ್ನವು ಬರೀ ನಾಲ್ಕು. ಕೊನೆಗೆ ಅವರೇ ಶಾಲೆಯ ಜಗಲಿಯ ತೊಲೆಗೆ ನೇತುಹಾಕಲು ಒಪ್ಪುತ್ತಾರೆ. ಮರದಿಂದ ದಂಡೆ ಕಿತ್ತವರ ಬಗ್ಗೆ ಮಾತು ಎತ್ತಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಅದೇ ಹೊತ್ತಿಗೆ ಎರಡು ತಪ್ಪು ತಿಳಿವಳಿಕೆ ತಿದ್ದಿ. ಒಂದು, ಸೀತಾಳೆ ಬಂದಳಿಕೆ ಅಲ್ಲ. ಬಂದಳಿಕೆ ಮರದ ರಸ ಹೀರುತ್ತದೆ. ಸೀತಾಳೆ ಮರದ ಮೇಲೆ ಸುಮ್ಮನೆ ಕೂತಿರುತ್ತದೆ, ನೀರು ಗಾಳಿಯಿಂದಲೂ ತೊಗಟೆಯಿಂದಲೂ ತೆಗೆದುಕೊಳ್ಳುತ್ತದೆ. ಮಾವಿನ ಮರ ಸಾಯುತ್ತದೆ ಅಂತ ಕೆರೆದು ಹಾಕುವವರು ಈಗಲೂ ಇದ್ದಾರೆ. ಎರಡು, ಕಿತ್ತರೂ ಬೀಜದಿಂದ ಮತ್ತೆ ಬರುತ್ತದೆ ಅನ್ನುವುದು. ಆರ್ಕಿಡ್ ಬೀಜ ಧೂಳಿನಂಥದ್ದು, ಅದರೊಳಗೆ ಮೊಳಕೆಗೆ ಬೇಕಾದ ಊಟ ಇಲ್ಲ. ಬಿದ್ದ ಜಾಗದಲ್ಲಿ ಸರಿಯಾದ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯದು, ಸಿಕ್ಕಿದರೆ ಮಾತ್ರ ಚಿಗುರುತ್ತದೆ. ಇದೇ ಹೂ ಅಸ್ಸಾಮಿನ ರಾಜ್ಯಪುಷ್ಪ ಅಂತ ಹೇಳಿದರೆ ಮಕ್ಕಳ ಕಣ್ಣು ಅಗಲವಾಗುತ್ತದೆ. ಅಲ್ಲಿ ಅದಕ್ಕೆ ಕೊಪೌ ಫೂಲ್ ಅಂತ ಹೆಸರು, ಬಿಹು ಹಬ್ಬಕ್ಕೆ ಹೆಣ್ಣುಮಕ್ಕಳು ಮುಡಿಯುತ್ತಾರೆ.

4. ಮಳೆಚಕ್ರ

ಹೂ ಮಾಡಿದ್ದಾಯಿತು. ಯಾವಾಗ ಅರಳುತ್ತದೆ ಅಂತ ಗೊತ್ತಿಲ್ಲದಿದ್ದರೆ ಮುಂದಿನ ವರ್ಷ ಹುಡುಕುವುದು ಹೇಗೆ? ಸ್ವೀಟ್ ಬಾಕ್ಸಿನ ರಟ್ಟಿನಿಂದ ಎರಡು ಬಿಲ್ಲೆ ಕತ್ತರಿಸಿ. ಕೆಳಗಿನದರ ಅಂಚಿನಲ್ಲಿ ಮಳೆ ನಕ್ಷತ್ರಗಳ ಹೆಸರು: ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಮೇಲಿನದರಲ್ಲಿ ಒಂದು ಕಿಟಕಿ ಕತ್ತರಿಸಿ, ನಡುವೆ ಗುಂಡುಪಿನ್ನು ಚುಚ್ಚಿ ತಿರುಗುವಂತೆ ಮಾಡಿ. ತಾವು ಕಂಡ ಹೂವಿನ ಚಿತ್ರವನ್ನು ಆಯಾ ಮಳೆಯ ಕೆಳಗೆ ಬರೆಯಲಿ. ಜೂನ್ ಜುಲೈ ಅನ್ನುವುದಕ್ಕಿಂತ ಇದು ಒಳ್ಳೆಯದು ಅನ್ನುವುದು ನನ್ನ ಅನುಭವ. ಮನೆಯಲ್ಲಿ ಅಜ್ಜ ಅಜ್ಜಿ ಮಾತಿಗೆ ಬರುತ್ತಾರೆ, "ನಮ್ಮ ಕಾಲ್ದಲ್ಲಿ ಆರಿದ್ರೆ ಹೊತ್ತಿಗೆ ಇಂಥದೊಂದು ಬರ್ತಿತ್ತು" ಅಂತ ಹೊಸ ಹೆಸರೊಂದು ಸಿಗುತ್ತದೆ. ಸಿಕ್ಕ ಹೆಸರನ್ನು ಹಾಳೆಯ ಮೇಲೆ ಬರೆದಿಡಿ, ಊರಿನ ಹೆಸರು ಸಮೇತ.

ಒಂದು ಹೂ ಮಾತ್ರ ಚಕ್ರಕ್ಕೆ ಒಗ್ಗುವುದಿಲ್ಲ. ಬಾಬಾಬುಡನ್‌ಗಿರಿ ಸಾಲಿನ ನೀಲಕುರಿಂಜಿ, ನಮ್ಮ ಕಡೆ ಗುರಿಗೆ ಅನ್ನುವ ಗುಂಪಿನದು, 12 ವರ್ಷಕ್ಕೊಮ್ಮೆ ಅರಳುತ್ತದೆ. ಅದಕ್ಕೆ ಹನ್ನೆರಡು ಮನೆಯ ಉದ್ದ ಪಟ್ಟಿ ಮಾಡಿಸಿ. ಹನ್ನೊಂದು ಮನೆ ಖಾಲಿ, ಒಂದಕ್ಕೆ ನೀಲಿ. ಈ ಸಲ ಎಂಟು ವರ್ಷದ ಹುಡುಗಿ ನೋಡಿದರೆ ಮತ್ತೆ ನೋಡುವಾಗ ಅವಳಿಗೆ ಇಪ್ಪತ್ತು. ಹೂ ಬಿಟ್ಟ ಗಿಡ ಸಾಯುತ್ತದೆ, ಆದರೆ ಖಾಲಿ ಮನೆಗಳಲ್ಲಿ ಅದರ ಬೀಜದಿಂದ ಎದ್ದ ಗಿಡ ಹಸಿರಾಗಿ ಬೆಳೆಯುತ್ತಿದೆ ಅಂತ ಬರೆಸಿ. ಹೂ ಇಲ್ಲ ಅಂತ ಸವರಿದರೆ ಹೋದದ್ದು ಹನ್ನೆರಡು ವರ್ಷ.

5. ಗುಡ್ಡದ ಹಾಳೆ

ದೊಡ್ಡ ಕ್ಯಾಲೆಂಡರ್ ಹಾಳೆಗಳನ್ನು ಅಂಟಿಸಿ ನೆಲದ ಮೇಲೆ ಹಾಸಿ. ಮಕ್ಕಳು ಅದರ ಮೇಲೆ ತಮ್ಮೂರು ಬರೆಯಲಿ: ಬ್ಯಾಣ, ಕಾನು (ದಟ್ಟ ಕಾಡು), ದರೆ, ಗದ್ದೆ ಬದು, ಅಡಿಕೆ ತೋಟ, ಜಂಬಿಟ್ಟಿಗೆ ಹಾಸು (ಕೆಂಪು ಮುರಕಲ್ಲಿನ ಬಯಲು). ಜಂಬಿಟ್ಟಿಗೆ ಹಾಸಿನ ಮೇಲೆ ಮಳೆಗಾಲದಲ್ಲಿ ನೀಲಿ ಪುಡಿ ಚೆಲ್ಲಿದ ಹಾಗೆ ಕಾಣುವ ಸಣ್ಣ ಹೂಗಳಿರುತ್ತವೆ, ಹೆಚ್ಚಿನವು ನೀರಿನ ಸೂಕ್ಷ್ಮ ಜೀವಿಗಳನ್ನು ಹಿಡಿದು ತಿನ್ನುವ ಗಿಡಗಳದ್ದು. ಅವನ್ನು ಕತ್ತರಿಸಿ ಮಾಡಲು ಆಗುವುದಿಲ್ಲ. ಪಂಚಿಂಗ್ ಮಶೀನಿನಿಂದ ಬಿದ್ದ ನೀಲಿ ಚುಕ್ಕೆಗಳನ್ನೇ ಅಂಟಿಸಿ. ಪಾಳು ಜಾಗ ಅಂತ ಎಲ್ಲರೂ ಕರೆಯುವ ಕಡೆ ಎಷ್ಟು ಚುಕ್ಕೆ ಬಿತ್ತು ನೋಡಿ.

ಮಾಡಿದ ಹೂಗಳನ್ನೆಲ್ಲ ಅವುಗಳ ಜಾಗದಲ್ಲಿಡಿ. ಆಮೇಲೆ ಒಂದೊಂದೇ ಚೀಟಿ ಎತ್ತಿಸಿ. ರಸ್ತೆ ಅಗಲ ಮಾಡಿದರು. ಬದುವಿಗೆ ಕಳೆನಾಶಕ ಹೊಡೆದರು. ಬ್ಯಾಣಕ್ಕೆ ಅಕೇಶಿಯಾ ಇಟ್ಟರು. ಲಂಟಾನ ಹಬ್ಬಿತು. ಕಲ್ಲು ಕ್ವಾರಿ ಶುರುವಾಯಿತು. ಪ್ರತಿ ಚೀಟಿಗೂ ಯಾವ ಹೂ ಎತ್ತಬೇಕು ಅಂತ ಮಕ್ಕಳೇ ತೀರ್ಮಾನಿಸಲಿ. ಹಾಳೆ ಖಾಲಿಯಾಗುವಲ್ಲಿಗೆ ಆಟ ನಿಲ್ಲಿಸಿಬಿಡಬೇಡಿ. ಎರಡನೇ ಸುತ್ತಿನ ಚೀಟಿ ಬೇರೆ: ಹೂ ಉದುರಿ ಬೀಜವಾದ ಮೇಲೆ ಬದು ಸವರಿದರು, ಲಂಟಾನ ಬೇರುಸಹಿತ ಕಿತ್ತರು, ಮಾವಿನ ಮರದ ಸೀತಾಳೆ ಹಾಗೇ ಬಿಟ್ಟರು. ಹೂ ವಾಪಸು ಇಡಲಿ. ಇಲ್ಲಿ ಬೈಗುಳದ ಧಾಟಿ ಬರದ ಹಾಗೆ ನೋಡಿಕೊಳ್ಳಿ. ಕಳೆನಾಶಕ ಹೊಡೆದದ್ದು ಆ ಮಗುವಿನ ಅಪ್ಪನೇ ಇರಬಹುದು. ಬದು ಸವರಲು ಆಳು ಸಿಗದ ಕಷ್ಟ ನಮಗೆಲ್ಲ ಗೊತ್ತು.

ಗೌರಿ ಹಬ್ಬದ ವಿಚಾರವೂ ಹಾಗೇ. ಪೂಜೆಗೆ ಹೂ ತರುವುದು ತಪ್ಪು ಅಂತ ಮಕ್ಕಳ ಕೈಲಿ ಮನೆಗೆ ಹೇಳಿ ಕಳಿಸಬೇಡಿ. ಒಂದೋ ಎರಡೋ ಹೂ ದೇವರಿಗಿಟ್ಟು, ಗಡ್ಡೆ ಮುಟ್ಟದೆ, ಉಳಿದ ಅಲಂಕಾರಕ್ಕೆ ಕಾಗದದ್ದು ಇಡಬಹುದು ಅಂದರೆ ಅಜ್ಜಿಯರು ಒಪ್ಪುತ್ತಾರೆ.

6. ಬೀಜದ ಕಾಗದದ ಬಗ್ಗೆ

ಹೆಚ್ಚು ಜನ ಕೇಳುವುದು ಇದನ್ನು: ಕಾಗದ ನೆನೆಸಿ ರುಬ್ಬಿ, ಬೀಜ ಸೇರಿಸಿ ಹಾಳೆ ಮಾಡಿ, ಕಾಡಿನಲ್ಲಿ ಎಸೆಯೋಣವಾ? ಎಸೆಯಬೇಡಿ. ಅಂಗಡಿಯ ಬೀಜದ ಕಾಗದದಲ್ಲಿ ಚೆಂಡುಹೂವಿನಂಥ ತೋಟದ ಬೀಜಗಳೇ ಜಾಸ್ತಿ. ಅವನ್ನು ಬ್ಯಾಣಕ್ಕೆ ಬಿಡುವುದು ಬೇಲಿ ಕಿತ್ತು ದನ ಬಿಟ್ಟ ಹಾಗೆ. ಕಾಡುಹೂವಿನ ಬೀಜವನ್ನು ಮಕ್ಕಳಿಂದ ಆರಿಸಿ ತರಿಸುವುದೂ ಬೇಡ, ಮುಂದಿನ ವರ್ಷದ ಗಿಡ ಅದರಲ್ಲೇ ಇದೆ. ಆಸೆ ಇದ್ದರೆ ಸ್ವಂತ ಹಿತ್ತಲಿನ ತುಂಬೆ ಬೀಜ ಹಾಕಿ ಹಾಳೆ ಮಾಡಿ, ಅದೇ ಹಿತ್ತಲಿನಲ್ಲೇ ಹೂಳಿ. ತುಂಬೆ ಹೂವಿಗೆ ಬರುವ ಚಿಟ್ಟೆ, ಜೇನು ನೋಡಲು ಕಾಡಿಗೆ ಹೋಗಬೇಕಿಲ್ಲ.

7. ಇಟ್ಟುಕೊಳ್ಳುವುದು

ಮಲೆನಾಡಿನಲ್ಲಿ ಕಾಗದಕ್ಕೆ ದೊಡ್ಡ ಶತ್ರು ಬೂಷ್ಟು. ಒಣಗಲು ಬಿಸಿಲು ಕಾಯುತ್ತ ಕೂರಬೇಡಿ. ಬಚ್ಚಲ ಒಲೆಯ ಪಕ್ಕದ ಗೋಡೆಗೆ ಹಗ್ಗ ಕಟ್ಟಿ ನೇತುಹಾಕಿದರೆ ಒಂದು ರಾತ್ರಿಗೆ ಗರಿಗರಿ ಆಗುತ್ತವೆ. ಉರಿಗೆ ಒಂದು ಮಾರು ದೂರ ಇರಲಿ. ಅರಿಶಿನದ ಬಣ್ಣ ಬಿಸಿಲಿಗೆ ಬೇಗ ಹಾರುತ್ತದೆ, ಹಾಗಾಗಿ ಗೌರಿ ಹೂ ನೆರಳಲ್ಲೇ ಇರಲಿ. ಒಣಗಿದ್ದನ್ನು ಬಿಗಿ ಮುಚ್ಚಳದ ಬಿಸ್ಕತ್ತು ಡಬ್ಬಿಯಲ್ಲಿ ಹಾಕಿ, ತಳಕ್ಕೆ ಹುರಿದ ಅಕ್ಕಿ ಕಟ್ಟಿದ ಬಟ್ಟೆ ಗಂಟು ಇಡಿ. ಜೊತೆಗೆ ಅಳತೆ ಬರೆದ ಹಾಳೆಯನ್ನೂ ಇಡಿ, ಮುಂದಿನ ವರ್ಷ ಅದೇ ದರೆಗೆ ಹೋಗುವಾಗ ಕೈಯಲ್ಲಿ ಬೇಕು.

ಇಷ್ಟು ಮಾಡಿಯೂ ಸ್ವಾತಿ ಮಳೆ ಹೊತ್ತಿಗೆ ಅರ್ಧದಷ್ಟು ಹಾಳಾಗಿರುತ್ತವೆ. ಪಿನ್ನು ಬಿಚ್ಚಿ, ಮಿಂಚು ಹಚ್ಚಿದ ಕರೆಯೋಲೆ ಕಾಗದ ಬೇರೆ ಮಾಡಿ. ಉಳಿದ ಕಾಗದ, ಕಡ್ಡಿ, ಬಾಳೆನಾರು ಗೊಬ್ಬರ ಗುಂಡಿಗೆ ಹೋಗಲಿ.